ಕಲ್ಲುಮಹಡಿಯ ಬಾಣಂತಿ

1976ನೇ ಇಸವಿ ಡಿಸೆಂಬರ್ 14, ಮಂಗಳವಾರ. ಬೆಳಗಿನ ಆರು ಗಂಟೆಗೆ ಹಿರಿಯೂರು ಪೊಲೀಸ್ ಠಾಣೆಯ ಮೆಟ್ಟಿಲನ್ನು ಒಬ್ಬರು ಬರಿಗಾಲಲ್ಲಿ ಹತ್ತಿಬಂದರು. ಅಂಗಿಯ ಎರಡೂ ತೋಳಿಗೆ ರಕ್ತ ಮೆತ್ತಿತ್ತು. ಕಾನ್‌ಸ್ಟೇಬಲ್ ಓಬಯ್ಯ ಟೀ ಲೋಟ ಕೆಳಗಿಟ್ಟು, ಒಳಗಿದ್ದ ಸಬ್‌ಇನ್ಸ್‌ಪೆಕ್ಟರ್ ಜಂಪಣ್ಣನವರನ್ನು ಕೂಗಿದ.

“ಕುಂತ್ಕಳ್ರಿ. ಹೆಸರು?” ಜಂಪಣ್ಣ ಕೇಳಿದರು.

“ಶಿವಯ್ಯ. ಹೊಳಲ್ಕೆರೆ ಹೈಸ್ಕೂಲಲ್ಲಿ ಮೇಷ್ಟ್ರು.”

“ರಕ್ತ ಯಾರ್ದು?”

“ನಮ್ ಸೈನ್ಸ್ ಮೇಷ್ಟ್ರು ತಿಪ್ಪೇರುದ್ರಪ್ಪಂದು. ರಾತ್ರಿ ಕಲ್ಲುಮಹಡೀಲಿ ತಲೆ ಒಡೆದೈತೆ ಸಾರ್. ಇಲ್ಲಿ ಆಸ್ಪತ್ರೇಲಿ ಕಟ್ಟು ಕಟ್ಟಿ ಚಿತ್ರದುರ್ಗಕ್ಕೆ ಕಳ್ಸಿದ್ರು. ಉಳಿಯೋದು ಕಷ್ಟ ಅಂತಾರೆ.”

“ಒಡೆದೋರು ಯಾರು?”

ಶಿವಯ್ಯ ದನಿ ತಗ್ಗಿಸಿದರು. “ಬಾಣಂತಿ.”

ಓಬಯ್ಯ ಟೀ ಲೋಟವನ್ನು ಇನ್ನಷ್ಟು ದೂರ ಸರಿಸಿದ. ಕಲ್ಲುಮಹಡಿಯ ಬಾಣಂತಿಯನ್ನು ಅರಿಯದವರು ತಾಲ್ಲೂಕಿನಲ್ಲೇ ಇರಲಿಲ್ಲ. ಮಾರಿಕಣಿವೆಗೆ ಅಣೆಕಟ್ಟು ಕಟ್ಟುವ ಕಾಲದಲ್ಲಿ ಬಿಳಿ ಎಂಜಿನಿಯರುಗಳಿಗೆಂದು ಎಬ್ಬಿಸಿದ ಬಂಗಲೆ ಅದು. ಆಮೇಲೆ ಕೈ ಬದಲಾಗಿ ಹೋಟೆಲಾಯಿತು. ಅಲ್ಲೊಬ್ಬ ದೊರೆಸಾನಿ ಹೆರಿಗೆಯಲ್ಲಿ ಸತ್ತಳಂತೆ, ಬಿಳೀ ಬಟ್ಟೆ ಹೊದ್ದು ಕೂಸನ್ನು ಹುಡುಕಿಕೊಂಡು ಮಹಡಿಯಲ್ಲಿ ತಿರುಗುತ್ತಾಳಂತೆ. ಈ ಅಂತೆಕಂತೆಯೇ ಹೋಟೆಲಿನ ಬಂಡವಾಳ. ಲಾರಿ ಡ್ರೈವರುಗಳು, ಕಾಲೇಜು ಹುಡುಗರು ಪಂದ್ಯ ಕಟ್ಟಿ ಒಂದು ರಾತ್ರಿ ಮಲಗಲು ಬರುತ್ತಿದ್ದರು. ಅರ್ಧ ರಾತ್ರಿಗೇ ಎದ್ದು ಓಡಿದವರೂ ಪೂರ್ತಿ ಬಾಡಿಗೆ ಕೊಟ್ಟೇ ಓಡಬೇಕು. ದೆವ್ವದ ದುಡಿಮೆಯಲ್ಲಿ ಉಂಡುಡುವ ಹೋಟೆಲ್ ಜಿಲ್ಲೆಯಲ್ಲಿ ಅದೊಂದೇ ಇದ್ದೀತು.

ತಿಪ್ಪೇರುದ್ರಪ್ಪ ಶಿವಯ್ಯನವರನ್ನು ಜೊತೆ ಮಾಡಿಕೊಂಡು ಬಂದದ್ದು ದೆವ್ವವಿಲ್ಲ ಎಂದು ತೋರಿಸಲು. ರಾತ್ರಿ ಎರಡರ ಸುಮಾರಿಗೆ ಕೂಸು ಅತ್ತ ಸದ್ದು ಕೇಳಿತು. ಅವರು ಬಿಳೀ ಶಾಲು ಹೊದ್ದು, ಟಾರ್ಚ್ ಹಿಡಿದು, ಮಹಡಿಯ ಕೊನೆಯ ಕೋಣೆಯ ಕಡೆ ಹೋದರು. ಶಿವಯ್ಯ ಕೆಳಗೆ ಓಡಿದರು.

“ಕೆಳಗೆ ಯಾಕೆ?”

“ವಾಚ್‌ಮನ್ ಕಾಟಲಿಂಗಪ್ಪನ್ನ ಕರೆಯಾಕೆ. ಗೇಟತ್ರ ಬೆಂಕಿ ಕಾಯಿಸ್ಕಂತಾ ಇದ್ದ. ಅವನ ಜೊತೆ ಮಾತಾಡ್ತಿದ್ದಂಗೇ ಮ್ಯಾಲೆ ಕಿಟಾರಂತ ಕಿರುಚಿದ್ದು ಕೇಳ್ತು. ಹೆಂಗಸಿನ ದನಿ ಸಾರ್, ದೇವ್ರಾಣೆ.”

“ಮೇಲೆ ಹೋದಾಗ?”

“ಬಾಗ್ಲು ಮುಚ್ಚಿತ್ತು. ಇವ್ರು ಅದರ ಮುಂದೆ ಬಿದ್ದಿದ್ರು. ಕಾಟಲಿಂಗಪ್ಪ ನನ್ನ ಲಾರಿ ನಿಲ್ಸಾಕೆ ಕಳ್ಸಿದ.”

ಜಂಪಣ್ಣ ಎಫ್‌ಐಆರ್ ಬರೆಸಿದರು. ಅಪರಿಚಿತ ಆರೋಪಿ, ಐಪಿಸಿ 307, ಕೊಲೆಯ ಯತ್ನ. ಮೇಷ್ಟ್ರು ಸತ್ತರೆ 302. ಓಬಯ್ಯ ಮೆಲ್ಲಗೆ ಕೆಮ್ಮಿದ. “ಸಾರ್, ಆಯತಪ್ಪಿ ಬಿದ್ರು ಅಂತ ಬರಕಂಡ್ರೆ ಆಗಾಕಿಲ್ವಾ? ಅವಳ ಸಹವಾಸ ನಮಗ್ಯಾಕೆ?”

“ದೆವ್ವ ಸಿಕ್ಕಿದ್ರೆ ಕೋಳ ತೊಡಿಸೋ ಕೆಲ್ಸ ನಿಂದೇ. ನಡಿ, ಹೋಗಾಣ.”

ಮಾತು ತಮಾಷೆಯಾಗಿತ್ತು, ಆದರೆ ಜಂಪಣ್ಣನವರಿಗೆ ಒಳಗೊಳಗೇ ಸಿಟ್ಟು ಬಂದಿತ್ತು. ಒಬ್ಬ ಮನುಷ್ಯ ಸಾವು ಬದುಕಿನ ನಡುವೆ ಮಲಗಿದ್ದಾನೆ, ಇಡೀ ಊರು ಅದನ್ನು ದೆವ್ವದ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳಲು ತಯಾರಾಗಿದೆ.

ಎಂಟು ಗಂಟೆಗೆ ಕಲ್ಲುಮಹಡಿಯಲ್ಲಿ ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಕೊನೆಯ ಕೋಣೆಗೆ ಹೊಸ ಬೀಗ. ಬೀಗದ ಕೈ ಕಳೆದು ವರ್ಷವಾಯಿತು ಎಂದ ವಾಚ್‌ಮನ್ ಕಾಟಲಿಂಗಪ್ಪ. ಮೂವತ್ತರ ಆಸುಪಾಸಿನ ಆಳು, ಹೆಗಲ ಮೇಲೆ ಕಂಬಳಿ, ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು. ಜಂಪಣ್ಣ ನೆಲದ ಮೇಲೆ ಕೂತು ಹೊಸ್ತಿಲು ನೋಡಿದರು. ರಕ್ತ ಹೊಸ್ತಿಲ ಮೇಲೆ ಸಿಡಿದಿತ್ತು; ಆ ಕಲೆಯ ಅರ್ಧ ಮುಚ್ಚಿದ ಕದದ ಅಡಿಗೆ ಸೇರಿತ್ತು.

“ಏಟು ಬಿದ್ದಾಗ ಬಾಗ್ಲು ತೆರೆದಿತ್ತು. ವರ್ಷದಿಂದ ಹಾಕಿರೋ ಬೀಗ ರಾತ್ರಿ ಎಲ್ಲಿಗೆ ಹೋಗಿತ್ತಪ್ಪ?”

ಜಂಪಣ್ಣ ಬೀಗ ಒಡೆಸಿದರು.

ಕೋಣೆ ಖಾಲಿ. ಆದರೆ ವರ್ಷದಿಂದ ಮುಚ್ಚಿದ್ದ ಕೋಣೆಯಲ್ಲಿ ಒಂದೇ ಒಂದು ಜೇಡರ ಬಲೆಯಿರಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಎಣ್ಣೆ ಜಿಡ್ಡು, ಅರಿಸಿನದ ಕಲೆ. ಹಿಂದಿನ ಬಾಗಿಲಾಚೆ ಆಳುಗಳು ಓಡಾಡುತ್ತಿದ್ದ ಕಲ್ಲಿನ ಮೆಟ್ಟಿಲು ನೇರ ಹಿತ್ತಲಿಗೆ ಇಳಿದಿತ್ತು. ಗಾಳಿಯಲ್ಲಿ ಇನ್ನೂ ಲೋಬಾನದ, ಬಜೆಯ ವಾಸನೆ. ಜಂಪಣ್ಣನವರ ಹೆಂಡತಿ ಉಚ್ಚಂಗೆಮ್ಮ ನಾಲ್ಕು ಹೆತ್ತಿದ್ದಳು; ಈ ವಾಸನೆಯ ಪಕ್ಕದ ಕೋಣೆಯಲ್ಲಿ ಅವರು ನಾಲ್ಕು ಸಲ ಚಾಪೆ ಹಾಸಿಕೊಂಡು ಮಲಗಿದ್ದರು.

ಓಬಯ್ಯ ಕದದ ಹಿಂದೆ ಬೆರಳು ಮಾಡಿದ. “ನೋಡ್ರಿ ಸಾರ್, ದೆವ್ವಕ್ಕೇಂತ ಬೇವಿನಸೊಪ್ಪು ಕಟ್ಟವ್ರೆ.” ಸೊಪ್ಪಿನ್ನೂ ಹಸಿರಾಗಿತ್ತು.

“ಒಳಗಡೆ ಕಟ್ಟವ್ರೆ ಕಣಯ್ಯ. ಒಳಗಿರೋ ದೆವ್ವ ಹೊರಗೆ ಬರಬಾರ್ದು ಅಂತಿದ್ರೆ ಹೊರಗೆ ಕಟ್ತಿದ್ರು. ಈ ಕೋಣೇಲಿ ಇದ್ದೋರು ದೆವ್ವಕ್ಕೆ ಹೆದರ್ಕಂಡು ಬಾಳ್ತಿದ್ರು.” ಜಂಪಣ್ಣ ಹಿಂದಕ್ಕೆ ತಿರುಗಿದರು. “ಇಲ್ಲಿ ಬಾಣಂತಿ ಇದ್ದಳು, ನಿಜವಾದ ಬಾಣಂತಿ. ಹಸಿಗೂಸು ಇತ್ತು. ಮೇಷ್ಟ್ರು ರಕ್ತ ಸುರಿಸ್ತಾ ಇದ್ದಾಗ, ಈ ಚಳೀಲಿ ಇಬ್ರನ್ನೂ ಹಿಂದ್ಗಡೆ ಮೆಟ್ಲಿಂದ ಇಳಿಸವ್ರೆ.”

“ನಾನೇ ಹೊಡೆದಿದ್ದು!” ಎಂದ ಕಾಟಲಿಂಗಪ್ಪ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಕೇಳಿದ್ದೇವೆ. ಇವನು ಬೇರೊಬ್ಬರ ಹೆಗಲ ಮೇಲಿದ್ದ ಕುಂಬಳಕಾಯಿಯನ್ನು ಕಿತ್ತುಕೊಳ್ಳುತ್ತಿದ್ದ. ಕಿರುಚಿದ ಸದ್ದು ಕೇಳಿದಾಗ ಇವನು ಗೇಟಿನ ಬಳಿ ಶಿವಯ್ಯನವರ ಎದುರೇ ಇದ್ದ.

“ಮದುವೆ ಆಗೈತಾ?”

“ಹ್ಞೂ. ಚಿತ್ತಮ್ಮ.”

“ಎಲ್ಲವಳೆ?”

“ತೌರಾಗೆ, ಮಾಡದಕೆರೇಲಿ. ನಮ್ಮವ್ವ ನಾಗಕ್ಕನೂ ಅಲ್ಲೇ ಹೋಗೈತೆ. ನಾನೇ ಹೊಡೆದಿದ್ದು ಸಾರ್. ಬರಕಳ್ರಿ.”

“ಯಾತರಾಗೆ ಹೊಡೆದೆ?”

ಕಾಟಲಿಂಗಪ್ಪ ಹೊಡೆದ ವಸ್ತುವನ್ನು ಹುಡುಕುವವನಂತೆ ಖಾಲಿ ಕೋಣೆಯ ಸುತ್ತ ಕಣ್ಣಾಡಿಸಿದ. ಅವನನ್ನು ಠಾಣೆಯಲ್ಲಿ ಕೂರಿಸಿ ಜಂಪಣ್ಣ ಓಬಯ್ಯನೊಂದಿಗೆ ಜೀಪು ಹತ್ತಿದರು. ಮೇಷ್ಟ್ರ ಜೀವದ ಜೊತೆ ಈಗ ಆ ಹಸಿಗೂಸಿನ ಜೀವವೂ ಅವರ ತಲೆಯಲ್ಲಿ ಕೂತಿತ್ತು.

ಮಾಡದಕೆರೆಯ ದಾರಿಯಲ್ಲಿ ಹೊಸದುರ್ಗ ಠಾಣೆಯಲ್ಲಿ ಇಳಿದು ಚಿತ್ರದುರ್ಗದ ಆಸ್ಪತ್ರೆಗೆ ಫೋನು ಮಾಡಿಸಿದರು. ಗಾಯದಲ್ಲಿ ಕಬ್ಬಿಣದ ತುಕ್ಕು ಸಿಕ್ಕಿದೆ, ನಾಳೆವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಮೇಷ್ಟ್ರು ಒಂದು ಗಳಿಗೆ ಕಣ್ಣು ಬಿಟ್ಟು ಒಂದು ಮಾತಾಡಿ, ಮತ್ತೆ ಎಚ್ಚರ ತಪ್ಪಿದ್ದರು.

“ಏನಂದ್ರು?”

“ನಾನು ಕಿರುಚಲಿಲ್ಲ, ನನ್ನ ಕಂಡು ಆ ಮುದುಕಿ ಕಿರುಚಿದಳು ಅಂದರು.”

ಮಾಡದಕೆರೆಯಲ್ಲಿ ಚಿತ್ತಮ್ಮನ ತಾಯಿ ಕೆಂಚಕ್ಕ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು.

“ನಿಮ್ ಮಗಳು ಬಂದವಳಾ?”

“ಇಲ್ಲ ಸ್ವಾಮಿ. ಹೆರಿಗೆಗೆ ಕರೆಯಾಕ್ ಹೋದ್ರೆ ಬೀಗತಿ ನಾಗಕ್ಕ ಕಳಿಸ್ಲಿಲ್ಲ. ನಾನೇ ನೋಡ್ಕಂತೀನಿ ಅಂದ್ಲು. ಹೆರಿಗೆ ಆಯ್ತಾ? ಕೂಸು ಉಳೀತಾ?”

ಗಂಡೋ ಹೆಣ್ಣೋ ಎಂದು ಕೇಳಬೇಕಾದವಳು ಉಳೀತಾ ಎಂದು ಕೇಳಿದ್ದಳು. ಜಂಪಣ್ಣ ಜಗಲಿಯ ಮೇಲೆ ಕೂತರು. “ಹಿಂದಿನದು ಏನಾಯ್ತವ್ವ?”

“ಹಟ್ಟಿಯಾಗೆ ನಮ್ ಪದ್ಧತಿ ಗೊತ್ತಲ್ಲ ಸ್ವಾಮಿ. ಹೆತ್ತೋಳು ಸೂತಕ ಕಳಿಯೋಗಂಟ ಊರಾಚೆ ಗುಡ್ಲಾಗೆ ಇರಬೇಕು. ದೇವ್ರಿಗೆ ಮೈಲಿಗೆ. ಹೋದ ವರ್ಷ ಇದೇ ಚಳಿ. ಬೆಳಗ್ಗೆ ಎದ್ದು ನೋಡಿದ್ರೆ ಕೂಸು ಸೆಟಕಂಡಿತ್ತು.”

“ಈಗ ಅವ್ರಿಗೆ ಬೇರೆ ದಿಕ್ಕಿಲ್ಲ ಅಂದ್ರೆ ಎಲ್ಲಿಗೆ ಹೋಗ್ತಾರೆ?”

ಕೆಂಚಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು. “ಇನ್ನೆಲ್ಲಿಗೆ? ಆ ಗುಡ್ಲಿಗೇ.”

ಜೀಪು ಹಿರಿಯೂರಿನ ಕಡೆ ತಿರುಗಿತು. ಡ್ರೈವರಿಗೆ ಎರಡು ಸಲ ಜೋರಾಗಿ ಹೋಗು ಎಂದ ಜಂಪಣ್ಣ ಮೂರನೆಯ ಸಲ ಗದರಿದರು.

ಕಾಟಲಿಂಗಪ್ಪನ ಊರು ಸಿರಿಯಣ್ಣನ ಹಟ್ಟಿ ಹಿರಿಯೂರಿನಿಂದ ಮೂರು ಮೈಲಿ. ಅವರು ತಲುಪಿದಾಗ ಹೊತ್ತು ಇಳಿಯುತ್ತಿತ್ತು, ಕುರಿಗಳು ರೊಪ್ಪಕ್ಕೆ ಮರಳುತ್ತಿದ್ದವು. ಹಟ್ಟಿಯಾಚೆ, ಬಟಾಬಯಲಿನಲ್ಲಿ, ಮನುಷ್ಯ ಬಗ್ಗಿ ನುಗ್ಗಬೇಕಾದ ಹುಲ್ಲಿನ ಗುಡಿಸಲು. ಬಾಗಿಲಿಲ್ಲ, ಒಂದು ಗೋಣಿಚೀಲ ಗಾಳಿಗೆ ಪಟಪಟ ಬಡಿಯುತ್ತಿತ್ತು. ಹತ್ತು ಮಾರು ದೂರದಲ್ಲಿ ಅರವತ್ತರ ಮುದುಕಿಯೊಬ್ಬಳು ಕಂಬಳಿ ಹೊದ್ದು ಕೂತಿದ್ದಳು. ಒಳಗಿಂದ ಕೂಸಿನ ಉಸಿರು ಕೇಳುತ್ತಿತ್ತು, ಅಷ್ಟು ದೂರಕ್ಕೂ. ಗೊರಗೊರ ಸದ್ದು.

ಹಟ್ಟಿಯ ಯಜಮಾನ ದೊಡ್ಡಪ್ಪ ನಾಲ್ಕು ಜನರೊಂದಿಗೆ ಬಂದ. “ಯಾಕ್ ಸ್ವಾಮಿ? ಆವಮ್ಮ ತೌರಿಂದ ಬೆಳಗ್ಗೆ ಬಂದ್ಲು. ಹತ್ರ ಹೋಗಬ್ಯಾಡ್ರಿ, ಸೂತಕ.”

ಜಂಪಣ್ಣ ಮುದುಕಿಯ ಎದುರು ಕುಕ್ಕರಗಾಲಲ್ಲಿ ಕೂತರು. “ನಾಗಕ್ಕ, ನಿಮ್ ಮಗ ತಪ್ಪು ಒಪ್ಕಂಡವ್ನೆ. ಮೇಷ್ಟ್ರು ಸತ್ರೆ ಅವ್ನಿಗೆ ಗಲ್ಲೂ ಆಗಬಹುದು.”

ನಾಗಕ್ಕ ಅವರ ಮುಖವನ್ನೇ ನೋಡಿದಳು. “ಅವ್ನು ಇರುವೇನೂ ತುಳಿಯೋನಲ್ಲ. ಎಲ್ಲಾ ಹೇಳ್ತೀನಿ. ಮೊದ್ಲು ಅವ್ಳನ್ನ, ಕೂಸನ್ನ ಒಂದು ಗೋಡೆ ಇರೋ ತಾವಿಗೆ ಸೇರಿಸ್ರಿ. ಆಮ್ಯಾಲೆ ನನ್ನ ಏನಾರ ಮಾಡ್ರಿ.”

“ಹೊಡೆದೋರು ಯಾರು?”

“ನಾನೇ. ಕೂಸಿನ ತಲೆ ಹತ್ರ ನೇಗಿಲ ಗುಳ ಇಟ್ಟಿದ್ದೆ, ಕಬ್ಬಿಣ ಇದ್ರೆ ಆ ದೆವ್ವ ಮುಟ್ಟಲ್ಲ ಅಂತ. ಬಾಗ್ಲು ದಬ್ಬಂತ ತೆರೀತು. ಬಿಳೀ ಬಟ್ಟೆ, ಮಖಕ್ಕೆ ಬೆಳಕು. ದೊರೆಸಾನಿ ಕೂಸು ಒಯ್ಯಾಕೆ ಬಂದ್ಲು ಅಂತ ಕಿರುಚ್ಕಂಡು ಬೀಸಿದೆ. ಬಿದ್ಮ್ಯಾಲೆ ನೋಡಿದ್ರೆ ಕನ್ನಡ್ಕ ಇತ್ತು ಸ್ವಾಮಿ. ದೆವ್ವಕ್ಕೆಲ್ಲಿ ಕನ್ನಡ್ಕ?” ಅವಳು ಕೈಯಿಂದ ಹಣೆ ಬಡಿದುಕೊಂಡಳು.

ಹಟ್ಟಿಯವರ ನಡುವೆ ಗುಸುಗುಸು ಎದ್ದಿತು. ದೊಡ್ಡಪ್ಪ ಮುಂದೆ ಬಂದ. “ಅಂದ್ರೆ ಅಷ್ಟು ದಿನ ಹೋಟ್ಲಾಗಿದ್ರಾ? ಸೂತಕದೋಳ ಜೊತೆ ಒಂದೇ ಸೂರಿನಾಗೆ? ನೀನೂ ಮುಟ್ಟಿದ್ಯಾ ನಾಗಕ್ಕ?”

ಅವನು ಕಟುಕನಲ್ಲ. ಹಿರಿಯರು ಹಾಕಿದ ಗೆರೆ ಅಳಿಸಿದರೆ ದೇವರು ಮುನಿದು ಮಂದೆಯನ್ನೇ ಒಯ್ಯುತ್ತಾನೆಂದು ನಿಜವಾಗಿ ಹೆದರಿದವನು. ಜಂಪಣ್ಣನವರಿಗೆ ಅದು ಕಂಡಿತು, ಅದಕ್ಕೇ ದನಿ ಏರಿಸಲಿಲ್ಲ.

“ಯಜಮಾನ್ರೇ, ಚಿತ್ತಮ್ಮ ನನ್ನ ಕೇಸಿನ ಸಾಕ್ಷಿ. ದುರ್ಗದ ಆಸ್ಪತ್ರೆಗೆ ಕರ್ಕಂಡು ಹೋಗ್ತೀನಿ. ತಡೆದ್ರೆ ನಿಮ್ಮ ಹೆಸರೂ ಬರಕಂತೀನಿ.” ಓಬಯ್ಯನ ಕಡೆ ತಿರುಗಿದರು. “ಕೂಸು ಎತ್ಕಂಡು ಬಾರಯ್ಯ.”

ಓಬಯ್ಯ ಹೆಜ್ಜೆ ಇಟ್ಟ, ನಿಂತ. ಅವನಿಗಿಂತ ಮೊದಲು ನಾಗಕ್ಕ ಎದ್ದಿದ್ದಳು. ಕಲ್ಲುಮಹಡಿಯಲ್ಲಿ ಮೂರು ವಾರ ಕದ್ದು ಮಾಡಿದ್ದನ್ನು ಈಗ ಇಡೀ ಹಟ್ಟಿ ನೋಡುತ್ತಿರುವಾಗ ಮಾಡಿದಳು. ಗೋಣಿಚೀಲ ಸರಿಸಿ ಒಳಗೆ ಹೋಗಿ, ಕೂಸನ್ನು ಎದೆಗೆ ಅವಚಿಕೊಂಡು, ಚಿತ್ತಮ್ಮನ ಕೈ ಹಿಡಿದು ಹೊರಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಹೆಂಗಸರು ಹಿಂದೆ ಸರಿದು ದಾರಿ ಬಿಟ್ಟರು. ಒಬ್ಬಳು ಮಾತ್ರ ತನ್ನ ಕಂಬಳಿಯನ್ನು ಜೀಪಿನೊಳಕ್ಕೆ ಎಸೆದಳು.

ನೇಗಿಲ ಗುಳ ಗುಡಿಸಲಿನಲ್ಲೇ ಸಿಕ್ಕಿತು. ಪಂಚನಾಮೆ ಮಾಡಿ ವಶಪಡಿಸಿಕೊಂಡರು.

ಚಿತ್ರದುರ್ಗದ ದಾರಿಯಲ್ಲಿ ಜಂಪಣ್ಣ ಒಂದೇ ಪ್ರಶ್ನೆ ಕೇಳಿದರು. “ಅಷ್ಟು ಭಯ ಇದ್ದೋರು ಆ ದೆವ್ವದ ಕೋಣೆಗೇ ಯಾಕೆ ಕರ್ಕಂಡು ಹೋದ್ರಿ?”

“ಅಲ್ಲಿ ಕೂಸು ಅತ್ರೆ ಯಾರೂ ಹುಡುಕ್ಕಂಡು ಬರಲ್ಲ ಅಂತ.” ನಾಗಕ್ಕ ಕೂಸಿನ ಮೇಲೆ ಕಂಬಳಿ ಎಳೆದಳು. “ನನ್ನವು ಎರಡು ಆ ಗುಡ್ಲಾಗೇ ಹೋದ್ವು. ನಮ್ಮತ್ತೆ ಅಳಬ್ಯಾಡ ಅಂದ್ರು, ಅಳಲಿಲ್ಲ. ಹೋದ ವರ್ಷ ಇವ್ಳದೂ ಹೋತು. ಅಳಬ್ಯಾಡ ಅಂತ ಇವ್ಳಿಗೆ ಹೇಳಾಕೆ ಬಾಯಿ ತೆಗೆದೆ, ಮಾತು ಹೊರಡಲಿಲ್ಲ. ದೆವ್ವ ಒಯ್ದರೂ ಒಯ್ಯಬಹುದು ಅಂತಿತ್ತು. ಚಳಿ ಒಯ್ಯೋದಂತೂ ಖಾತ್ರಿ ಇತ್ತಲ್ಲ ಸ್ವಾಮಿ.”

ರಾತ್ರಿ ಎಂಟೂವರೆಗೆ ಜಿಲ್ಲಾಸ್ಪತ್ರೆಯಲ್ಲಿ ಕೂಸನ್ನು ಒಳಗೆ ಸೇರಿಸಿಕೊಂಡರು. ನ್ಯುಮೋನಿಯಾ, ಇನ್ನೊಂದು ರಾತ್ರಿ ಬಯಲಲ್ಲಿ ಕಳೆದಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು ಡಾಕ್ಟರು. ತಿಪ್ಪೇರುದ್ರಪ್ಪನವರಿಗೆ ಸಂಜೆ ಪೂರ್ತಿ ಎಚ್ಚರವಾಗಿತ್ತು. ಓಬಯ್ಯ ಬಂದು ಅದನ್ನು ಹೇಳಿದಾಗ ನಾಗಕ್ಕ ನಿಂತಲ್ಲೇ ಕೈ ಮುಗಿದಳು. ಪ್ರಕರಣ ಪ್ರಕರಣವೇ, ಕಬ್ಬಿಣದಿಂದ ತಲೆ ಒಡೆದದ್ದಕ್ಕೆ ಕಾನೂನು ದೆವ್ವದ ನೆಪ ಕೇಳುವುದಿಲ್ಲ. ಜಂಪಣ್ಣ ದಸ್ತಗಿರಿಯ ಕಾಗದ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಶಾಯಿಯ ಬೆರಳನ್ನು ಹಿಡಿದಾಗ ಅವರಿಗೆ ಸಂಕಟವಾಯಿತು.

“ಹೋಗಾಣ ನಾಗಕ್ಕ.”

“ಒಂದ್ ಗಳಿಗೆ ತಡೀರಿ.”

ಅವಳು ವಾರ್ಡಿನ ಕಡೆ ಕಿವಿ ಕೊಟ್ಟು ನಿಂತಳು. ಒಳಗೆ ನರ್ಸಮ್ಮ ಒಂದೊಂದೇ ಕಿಟಕಿ ಮುಚ್ಚುತ್ತ ಬಂದು, ಕೊನೆಗೆ ಬಾಗಿಲೆಳೆದು ಚಿಲಕ ಹಾಕಿದಳು. ಆ ಸದ್ದು ಕೇಳಿಸಿಕೊಂಡ ಮೇಲೆ ನಾಗಕ್ಕ ಎರಡೂ ಕೈಗಳನ್ನು ಮುಂದೆ ಚಾಚಿದಳು.

“ಈಗ ನಡೀರಿ,” ಎಂದಳು.