ಯಾರೂ ಎತ್ತಿಕೊಳ್ಳದ ಬುತ್ತಿ

ಬೆಟ್ಟಗಳಿಗೆ ಮನುಷ್ಯರ ಮಾತು ಕೇಳಿಸುತ್ತಿದ್ದ ಕಾಲ. ಆ ಕಾಲದಲ್ಲಿ ಏಳುಕೊಡಿ ಅಂತ ಒಂದು ರಾಜ್ಯ. ಸುತ್ತ ಏಳು ಬೆಟ್ಟ, ನಡುವೆ ಒಂದು ಊರು, ಊರಿಗೊಬ್ಬ ಅರಸ. ಅರಮನೆಯೇನೂ ಅಂಥ ದೊಡ್ಡದಲ್ಲ, ಆದರೆ ಅದರ ಅಡುಗೆಮನೆ ಮಾತ್ರ ಅರಮನೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಊಟದ ವಿಷಯದಲ್ಲಿ ಏಳುಕೊಡಿಯ ಜನ ಯಾರಿಗೂ ಸೋಲುವವರಲ್ಲ.

ವರ್ಷಕ್ಕೆ ಮೂರು ಸಲ ಅವರಿಗೆ ಬೆಟ್ಟದೂಟ. ಮಳೆ ಬಿದ್ದು ಬಿದಿರುಮೆಳೆಯಲ್ಲಿ ಕಳಲೆ ಮೊಳೆತಾಗ ಒಂದು, ಚಳಿಗಾಲದಲ್ಲಿ ಜೇನು ತುಂಬಿದಾಗ ಒಂದು, ಬೇಸಿಗೆಯಲ್ಲಿ ಕಾಡುಹಣ್ಣು ಮಾಗಿದಾಗ ಒಂದು. ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತುತ್ತಿತ್ತು. ಮೇಲೊಂದು ಅಗಲವಾದ ಹಾಸುಬಂಡೆ. ತಂದ ಬುತ್ತಿಗಳನ್ನೆಲ್ಲ ಅದರ ಮೇಲೆ ಇಟ್ಟು, ಬೇರೆಯವರ ಬುತ್ತಿಯೊಂದನ್ನು ಎತ್ತಿಕೊಂಡು ಉಣ್ಣಬೇಕು. ತಾನು ತಂದದ್ದನ್ನು ತಾನೇ ಉಣ್ಣುವಂತಿಲ್ಲ. ಅರಸನಿಗೂ ಇದೇ ಕಟ್ಟಳೆ. ಒಂದು ಸಲ ಅರಸನ ಕೈಗೆ ಅಗಸರ ಮನೆಯ ಹಾಗಲಕಾಯಿ ಗೊಜ್ಜು ಬಂತು. ಅರಸ ಮುಖ ಸಿಂಡರಿಸಿದ. ರಾಣಿ ತಿರುಗಿ ಒಮ್ಮೆ ನೋಡಿದಳು, ಅಷ್ಟೇ. ಅರಸ ತೆಪ್ಪಗೆ ಎಲೆ ಬಳಿದುಕೊಂಡು ಉಂಡೆದ್ದ.

ಹೀಗಿರುತ್ತಾ, ಒಂದು ಮಳೆಗಾಲದ ಬೆಟ್ಟದೂಟ ಮುಗಿದ ಮಾರನೆಯ ಬೆಳಿಗ್ಗೆಯೇ ಕೇಡು ಬಂತು. ಮಳೆ ನಿಂತಿತು. ಬಿಸಿಲು ಬರಲಿಲ್ಲ, ಚಳಿಯೂ ಬರಲಿಲ್ಲ. ಆಕಾಶ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯಿತು. ಕಾಲವೇ ಇಲ್ಲದ ಮೇಲೆ ಬೆಳೆಗೆ ರುಚಿ ಎಲ್ಲಿಂದ ಬರಬೇಕು? ಬೆಲ್ಲ ತಿಂದರೂ ಮಣ್ಣು, ಉಪ್ಪಿನಕಾಯಿ ತಿಂದರೂ ಮಣ್ಣು. ಬೆಟ್ಟದ ತುದಿಯ ಮಂಜುಗವಿಯಲ್ಲಿ ಒಬ್ಬ ಮಾಯಾವಿ ಸೇರಿಕೊಂಡು ಮೂರು ಕಾಲಗಳನ್ನೂ ಕಟ್ಟಿಹಾಕಿದ್ದಾನೆ ಅಂತ ಬೇಟೆಗಾರರು ಬಂದು ಹೇಳಿದರು. ಅರಸ ದಂಡು ಕಳಿಸಿದ. ಕತ್ತಿ ಹಿರಿದು ಹೋದ ದಂಡು ಗವಿಯ ಬಾಗಿಲಲ್ಲಿ ಕಲ್ಲಾಗಿ ನಿಂತಿತು.

ಆ ದಂಡಿನಲ್ಲಿ ದೇವೀರಕ್ಕನ ಗಂಡನೂ ಇದ್ದ. ದೇವೀರಕ್ಕ ತುಂಬಿದ ಬಸುರಿ. ತಾಯಿತಂದೆ ಇಲ್ಲ, ತವರು ಅಂತ ಇದ್ದವನು ತಮ್ಮ ಕೇತ ಒಬ್ಬನೇ. ಬುಟ್ಟಿ ಹೆಣೆದು ಬದುಕುತ್ತಿದ್ದ ಕೇತನನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದ್ದಳು. ಈಗ ಅವಳ ಗಂಟಲಿಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಗಂಜಿ ಕುಡಿದರೆ ವಾಂತಿ, ಮುದ್ದೆ ನೋಡಿದರೆ ಸಂಕಟ. ಕೆನ್ನೆ ಬತ್ತಿತು, ಕೈಬಳೆ ಮೊಣಕೈವರೆಗೆ ಜಾರತೊಡಗಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಇವಳು ಉಣ್ಣದಿದ್ದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ ಎಂದು ಕೇತನನ್ನು ಹೊರಗೆ ಕರೆದು ಹೇಳಿದಳು.

ಕೇತ ಒಳಗೆ ಬಂದು ಅಕ್ಕನ ಕಾಲ ಹತ್ತಿರ ಕೂತ.

"ಅಕ್ಕಾ, ಏನ್ ಉಣ್ಬೇಕು ಅನ್ನಿಸ್ತದೆ, ಹೇಳು. ಎಲ್ಲಿದ್ರೂ ತರ್ತೀನಿ."

"ಕಳಲೆ ಪಲ್ಯ ಕನಪ್ಪ," ಎಂದಳು ದೇವೀರಕ್ಕ. "ಕನಸಲ್ಲೂ ಅದೇ ಬತ್ತದೆ. ಇಲ್ದೆ ಇರೋದ್ನೇ ಬೇಡ್ತದೆ ನೋಡು, ಈ ಹಾಳು ಬಾಯಿ."

ಬಸುರಿಯ ಬಯಕೆ ತೀರಿಸುವುದು ತವರಿನ ಪಾಲು. ಕೇತ ಎದ್ದು ನಿಂತ. ಹೋಗಬೇಡ ಎಂದು ಅಕ್ಕ ಅತ್ತಳು. ಅವನು ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ ಗೋಡೆ ಹಿಡಿದುಕೊಂಡು ಎದ್ದು ನಾಲ್ಕು ರಾಗಿರೊಟ್ಟಿ ತಟ್ಟಿದಳು, ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಬರಿಗೈಯಲ್ಲಿ ಯಾರೂ ಬೆಟ್ಟ ಹತ್ತಬಾರದು ಎಂದಳು. ದಂಡಿನವರು ಕತ್ತಿ ಒಯ್ದಿದ್ದರು, ಬುತ್ತಿ ಒಯ್ದಿರಲಿಲ್ಲ.

ಮೊದಲ ಬೆಟ್ಟದ ಬಿದಿರುಮೆಳೆಯಲ್ಲಿ ಮಳೆ ಸುರಿಯುತ್ತಿತ್ತು. ಮಳೆಗಾಲ ಅಲ್ಲಿ ಸೆರೆಯಾಗಿತ್ತು. ಕಾವಲಿಗೆ ಬೆಳ್ಳಿಕೋರೆಯ ಹಂದಿಯೊಂದು ನಿಂತಿತ್ತು, ಎತ್ತರ ಒಂದು ಗುಡಿಸಲಿನಷ್ಟು.

"ಹಿಂದಕ್ಕೆ ಹೋಗು. ಇಲ್ಲವೆಂದರೆ ಸೀಳುತ್ತೇನೆ," ಎಂದಿತು ಹಂದಿ.

ಕೇತ ಒಂದು ಹೆಜ್ಜೆ ಹಿಂದಿಟ್ಟ. ಓಡಿಹೋಗಲು ಮನಸ್ಸಾಯಿತು, ಆದರೆ ಬಾಯಿಗೆ ಬಂದದ್ದು ಚಿಕ್ಕಂದಿನಿಂದ ಬೆಟ್ಟದಲ್ಲಿ ಆಡಿ ರೂಢಿಯಾದ ಮಾತು. "ನನ್ನ ಬುತ್ತಿ ನಿನಗೆ, ನಿನ್ನ ಬುತ್ತಿ ನನಗೆ," ಎಂದು ರೊಟ್ಟಿ ಚಾಚಿದ.

ಹಂದಿ ತಬ್ಬಿಬ್ಬಾಯಿತು. ಕಾಯುವವನು ಕಾಯುವುದನ್ನು ಮುಟ್ಟಬಾರದು ಎಂದು ಮಾಯಾವಿಯ ಆಣೆಯಿತ್ತು. ಕಣ್ಣೆದುರು ಕಳಲೆ ಇಟ್ಟುಕೊಂಡು ಅದು ಇಷ್ಟು ದಿನ ಹಸಿದೇ ನಿಂತಿತ್ತು, ಪಾಪ. ಯಾರೂ ಅದರ ಹೊಟ್ಟೆಯ ಸುದ್ದಿ ಕೇಳಿರಲಿಲ್ಲ. ನಾಲ್ಕೂ ರೊಟ್ಟಿಯನ್ನು ಒಂದೇ ಗುಕ್ಕಿಗೆ ನುಂಗಿ, ಕೋರೆಯಿಂದ ನೆಲ ಅಗೆದು ಎಲೆಯ ತುಂಬ ಕಳಲೆ ಪಲ್ಯ ಕೊಟ್ಟಿತು. ನಮ್ಮ ನಿಮ್ಮ ಮನೆಯ ಕಳಲೆಯಾದರೆ ನೆನೆಹಾಕಿ ನೀರು ಬಸಿದು ಕಹಿ ತೆಗೆಯಬೇಕು. ಅದು ಮಾಯೆಯ ಹಂದಿ, ಅಗೆದದ್ದು ಬೆಂದೇ ಬರುತ್ತಿತ್ತು.

"ಇದನ್ನು ಹಿಡಿದು ಊರಿಗೆ ಹೋದರೆ ಇವತ್ತೊಂದು ಊಟವಾದೀತು. ಮೇಲಕ್ಕೆ ಹೋಗುವುದಾದರೆ ಮುಂದಿನವರಿಗೆ ಇದನ್ನು ಪೂರ್ತಿ ಕೊಡಬೇಕು. ಬಚ್ಚಿಟ್ಟುಕೊಂಡರೆ ಬೆಟ್ಟ ನಿನ್ನನ್ನು ಹಿಡಿಯುತ್ತದೆ," ಎಂದು ಹಂದಿ ದಾರಿ ಬಿಟ್ಟಿತು.

ಒಗ್ಗರಣೆಯ ಘಮಕ್ಕೆ ಕೇತನ ಕಣ್ಣಲ್ಲಿ ನೀರು ಬಂತು. ಓಡಿಹೋಗಿ ಅಕ್ಕನ ಬಾಯಿಗೆ ಇಟ್ಟುಬಿಡಲೇ ಅನ್ನಿಸಿತು. ಆದರೆ ಅವಳು ನಾಳೆ ಏನು ಉಣ್ಣಬೇಕು? ಕಲ್ಲಾಗಿ ನಿಂತ ಭಾವನ ಗತಿಯೇನು? ಮೇಲಕ್ಕೆ ಹೋಗುವುದೇ ಸರಿ ಎಂದುಕೊಂಡ. ಹೊರಡುವಾಗ ಮಾತ್ರ ಮನಸ್ಸು ತಡೆಯಲಿಲ್ಲ. ಒಂದು ಹಿಡಿ ಪಲ್ಯವನ್ನು ಬೇರೆ ಎಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಅಕ್ಕನಿಗೆ ಎಂದು ತಾನೇ, ಯಾವ ಬೆಟ್ಟ ಬೇಡ ಅಂದೀತು ಎಂದು ತನಗೆ ತಾನೇ ಹೇಳಿಕೊಂಡ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವನ ಬಲಪಾದ ಕಲ್ಲಾಯಿತು.

ಕಲ್ಲುಪಾದ ಎಳೆದುಕೊಂಡೇ ಎರಡನೆಯ ಬೆಟ್ಟ ಹತ್ತಿದ. ಅಲ್ಲಿ ಚಳಿಗಾಲದ ಸೆರೆ. ಮರಮರಕ್ಕೂ ಜೇನುಹುಟ್ಟು, ಮರದ ಕೆಳಗೆ ಕರಿಬಂಡೆಯಂಥ ಒಂದು ಕರಡಿ.

"ಹಿಂದಕ್ಕೆ ಹೋಗು. ಇಲ್ಲವೆಂದರೆ ಸಿಗಿಯುತ್ತೇನೆ," ಎಂದಿತು ಕರಡಿ.

"ನನ್ನ ಬುತ್ತಿ ನಿನಗೆ, ನಿನ್ನ ಬುತ್ತಿ ನನಗೆ," ಎಂದ ಕೇತ.

ಜೇನು ಕಾಯುತ್ತ ಹಸಿದಿದ್ದ ಕರಡಿಯ ಕಷ್ಟ ನೀವೇ ಊಹಿಸಿ. ಅದು ಕಳಲೆಯನ್ನು ಎಲೆಸಮೇತ ತಿಂದು ಒಂದು ಹುಟ್ಟು ಜೇನು ಕೊಟ್ಟಿತು. ಕೇತನ ಸೊಂಟದ ಕಡೆ ಒಮ್ಮೆ ಮೂಸಿ ನೋಡಿ ದಾರಿ ಬಿಟ್ಟಿತು. ಕೇತನ ಕಾಲು ಮೊಣಕಾಲವರೆಗೆ ಕಲ್ಲಾಯಿತು.

ಮೂರನೆಯ ಬೆಟ್ಟದಲ್ಲಿ ಬೇಸಿಗೆಯ ಸೆರೆ. ಮಾವಿನ ಮರದಷ್ಟು ಎತ್ತರದ ಮಂಗಟ್ಟೆ ಹಕ್ಕಿ ಕೊಂಬಿನಂಥ ಕೊಕ್ಕು ತೆರೆದು ನಿಂತಿತ್ತು.

"ಹಿಂದಕ್ಕೆ ಹೋಗು. ಇಲ್ಲವೆಂದರೆ ಕುಕ್ಕುತ್ತೇನೆ."

"ನನ್ನ ಬುತ್ತಿ ನಿನಗೆ, ನಿನ್ನ ಬುತ್ತಿ ನನಗೆ."

ಹಕ್ಕಿ ಜೇನು ಹೀರಿ, ಕಾಡುಮಾವು ನೇರಳೆಗಳನ್ನು ಅವನ ಮಡಿಲಿಗೆ ಸುರಿಯಿತು. ಕೇತನ ಕಾಲು ತೊಡೆಯವರೆಗೆ ಕಲ್ಲಾಯಿತು. ಆಮೇಲೆ ನಡೆಯಲಾಗಲಿಲ್ಲ. ಕೈಯೂರಿ ತೆವಳಿಕೊಂಡೇ ಮಂಜುಗವಿ ಮುಟ್ಟಿದ. ಬಾಗಿಲಲ್ಲಿ ಕತ್ತಿಯೆತ್ತಿದ ಕಲ್ಲಿನ ಸಾಲು. ಅದರಲ್ಲಿ ಭಾವನ ಮುಖ ಗುರುತು ಹಿಡಿದು ಕೇತ ಕಣ್ಣೊರೆಸಿಕೊಂಡ.

ಒಳಗೆ ಮಾಯಾವಿ ಕೂತಿದ್ದ. ಕೋರೆಹಲ್ಲು, ಕೆಂಡದ ಕಣ್ಣು ಏನೂ ಇಲ್ಲ. ಸೊರಗಿದ ನಡುವಯಸ್ಸಿನ ಮನುಷ್ಯ, ಮುಂದೆ ಒಂದು ಬಟ್ಟೆಯ ಗಂಟು. ಅವನ ಮಾತಿನ ವರಸೆ ಕೇಳಿದರೆ ಘಟ್ಟದ ಆಚೆಯವನು ಎಂದು ಗೊತ್ತಾಗುತ್ತಿತ್ತು.

ಕೇತ ಹಣ್ಣುಗಳನ್ನು ಚಾಚಿ ಅದೇ ಮಾತು ಹೇಳಿದ. ಮಾಯಾವಿ ಅವನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಬಿಟ್ಟುಕೊಡಾಕ ಹಗುರಾದದ್ದನ್ನ ಯಾರರ ಕೊಡ್ತಾರ," ಎಂದ. "ಸೊಂಟದಾಗ ಬಚ್ಚಿಟ್ಟಿಯಲ್ಲ, ಅದನ್ನ ತಗಿ."

ಕೇತನ ಎದೆ ಒಡೆದುಹೋಯಿತು. ಅದು ಬಸುರಿ ಅಕ್ಕನ ಪಾಲು, ಅವಳು ಎಷ್ಟೋ ದಿನದಿಂದ ಉಂಡಿಲ್ಲ, ಬೇಕಾದರೆ ನನ್ನನ್ನು ಪೂರ್ತಿ ಕಲ್ಲು ಮಾಡು, ಇದನ್ನು ಮಾತ್ರ ಊರಿಗೆ ಮುಟ್ಟಿಸು ಎಂದು ಅಂಗಲಾಚಿದ. ಮಾಯಾವಿಯ ದೃಷ್ಟಿ ಆ ಎಲೆಯ ಪೊಟ್ಟಣದ ಮೇಲೇ ಇತ್ತು. ಆಗ ಕೇತನಿಗೆ ಒಂದು ವಿಷಯ ಹೊಳೆಯಿತು. ಹೀಗೆ ನೋಡುವ ಕಣ್ಣನ್ನು ಅವನು ಮನೆಯಲ್ಲಿ ದಿನವೂ ಕಾಣುತ್ತಿದ್ದ. ಈ ಮನುಷ್ಯನೂ ಉಣ್ಣದೆ ಬಹಳ ದಿನವಾಗಿದೆ. ಹಸಿದವನನ್ನು ಎದುರಿಗೆ ಕೂರಿಸಿಕೊಂಡು ಅನ್ನ ಬಚ್ಚಿಡಲು ಅಕ್ಕ ಅವನಿಗೆ ಕಲಿಸಿರಲಿಲ್ಲ. ಪೊಟ್ಟಣ ಬಿಚ್ಚಿ ಮುಂದಿಟ್ಟ.

ಮಾಯಾವಿ ಒಂದು ತುತ್ತು ಬಾಯಿಗಿಟ್ಟ. ಎರಡನೆಯ ತುತ್ತಿಗೆ ಅಳತೊಡಗಿದ. ಅಳುತ್ತಲೇ ಎಲೆ ಬರಿದು ಮಾಡಿದ. ಕೇತನ ಕಾಲಿಗೆ ಜೀವ ಬಂತು.

"ನನ್ನ ಹೆಸರು ಅಂಬಣ್ಣ," ಎಂದ ಅವನು. "ನಿಮ್ಮ ಊರಾಗ ಇರಬೇಕಂತ ಬಂದಿದ್ದೆ. ಆವತ್ತ ನಾನೂ ಬುತ್ತಿ ತಂದು ಬಂಡೆ ಮ್ಯಾಲ ಇಟ್ಟೆ. ಎಲ್ಲಾರೂ ಎತ್ತಿಕೊಂಡ್ರು. ಕಡೀಕ ಉಳದದ್ದು ನಂದೊಂದ. ನಂದು ನಾನ ಉಣ್ಣೂ ಹಂಗಿಲ್ಲಲ್ಲ? ನೀವೆಲ್ಲಾ ನಕ್ಕೋತ ಉಣ್ಣಾಕತ್ತಿದ್ರಿ. ನಾ ಹಸದು ಕೂತಿದ್ದೆ. ಒಬ್ಬರರ ಹೊಳ್ಳಿ ನೋಡಲಿಲ್ಲ."

ಅವನಿಗೆ ತನ್ನ ಸೀಮೆಯ ಒಂದಿಷ್ಟು ಮಂತ್ರ ಗೊತ್ತಿತ್ತು. ಆ ಸಿಟ್ಟಿನಲ್ಲಿ ಮೂರು ಕಾಲಗಳನ್ನೂ ಹಿಡಿದು ಮೂರು ಬೆಟ್ಟಗಳಲ್ಲಿ ಸೆರೆಹಾಕಿ, ಅವುಗಳ ಕಟ್ಟನ್ನು ಬುತ್ತಿಯ ಬಟ್ಟೆಯ ಮೂರು ಗಂಟುಗಳಲ್ಲಿ ಬಿಗಿದಿದ್ದ. ಯಾರಾದರೂ ಬುತ್ತಿಯನ್ನು ಕೇಳಿದರೆ ತಾನೇ ಗಂಟು ಬಿಚ್ಚಬೇಕು? ಯಾರೂ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕೇತ ತಲೆ ತಗ್ಗಿಸಿದ. ಆ ದಿನ ಬುಟ್ಟಿ ಹೊತ್ತು ಹಿಂದುಳಿದಿದ್ದ ಅವನು ಬಂಡೆಯ ಬಳಿ ಬಂದಾಗ ಎರಡೇ ಬುತ್ತಿ ಉಳಿದಿದ್ದವು. ಒಂದರಿಂದ ಏನೋ ಹುಳಿಹುಳಿ ವಾಸನೆ ಬಂತು. ಅದನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ಎತ್ತಿಕೊಂಡಿದ್ದ. ಯಾರೋ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದ. ಏಳುಕೊಡಿಯ ಪ್ರತಿಯೊಬ್ಬರೂ ಹಾಗೆಯೇ ಅಂದುಕೊಂಡಿದ್ದರು.

"ಸರ್ಸಿ ಇಟ್ಟೋನು ನಾನೇ ಕನಣ್ಣ," ಎಂದ. "ಈಗ ಕೇಳ್ತೀನಿ. ನಿನ್ ಬುತ್ತಿ ನನಗೆ ಕೊಡು."

ಅಂಬಣ್ಣ ಬುತ್ತಿಯನ್ನು ಮಡಿಲಿಗೆ ಎಳೆದುಕೊಂಡ. ಮೂರು ಗಂಟುಗಳನ್ನೂ ಒಂದೊಂದಾಗಿ ಬಿಚ್ಚಿದ. ಮೊದಲ ಗಂಟಿಗೆ ಮಳೆ ಬಿಡುಗಡೆಯಾಯಿತು, ಎರಡನೆಯದಕ್ಕೆ ಚಳಿ, ಮೂರನೆಯದಕ್ಕೆ ಬಿಸಿಲು. ಗವಿಯ ಬಾಗಿಲಲ್ಲಿ ಕಲ್ಲುಗಳು ಕೆಮ್ಮಿದವು, ಆಕಳಿಸಿದವು, ದಂಡಿನವರಾಗಿ ಕತ್ತಿ ಕೆಳಗಿಟ್ಟವು. ಬಟ್ಟೆಯೊಳಗೆ ರೊಟ್ಟಿ ಇನ್ನೂ ಬಿಸಿಯಾಗಿತ್ತು. ಪಕ್ಕದಲ್ಲಿ ಎಲೆಯ ಮೇಲೆ ಕೆಂಪನೆಯ ಒಂದು ಉಂಡೆ.

ಏನೆಂದು ಕೇತ ಕೇಳಿದ. ಕೆಂಜಿಗದ ಚಟ್ನಿ, ಮರದ ಕೆಂಪಿರುವೆಯನ್ನು ಹುರಿದು ಮೆಣಸು ಹಾಕಿ ಅರೆದದ್ದು ಎಂದ ಅಂಬಣ್ಣ. ಕೇತ ಕಣ್ಣು ಮುಚ್ಚಿ ಬಾಯಿಗಿಟ್ಟ. ನಾಲಿಗೆಗೆ ಬೆಂಕಿ ಬಿತ್ತು, ಮೂಗಲ್ಲಿ ನೀರು ಸುರಿಯಿತು. ಸಾವರಿಸಿಕೊಂಡು ಇನ್ನೊಂದು ತುತ್ತಿಗೆ ಕೈ ಹಾಕಿದ, ಮತ್ತೊಂದಕ್ಕೂ ಹಾಕಿದ. ಮರ್ಯಾದೆಗೆ ಅಂತೇನಲ್ಲ, ನಿಜಕ್ಕೂ ರುಚಿಯಾಗಿತ್ತು.

ಎಲ್ಲರೂ ಊರಿಗೆ ಇಳಿದರು. ಭಾವ ಮುಂದೆ ಓಡಿದ. ಕೇತ ಹಿಂದೆ, ಕೈಯಲ್ಲಿ ಉಳಿದ ಅರ್ಧ ರೊಟ್ಟಿ ಮತ್ತು ಚಟ್ನಿ. ಕಳಲೆಯಿಲ್ಲ. ಹೊಸ ಮಳೆಗೆ ಅದು ಮೊಳೆಯಲು ದಿನ ಹಿಡಿಯುತ್ತದೆ, ಅಕ್ಕನಿಗೆ ಅಷ್ಟು ದಿನವಿಲ್ಲ. ಗಂಡನ ಕೈ ಹಿಡಿದು ಅಳುತ್ತ ಮಲಗಿದ್ದ ದೇವೀರಕ್ಕನ ಮುಂದೆ ಕೇತ ಅಪರಾಧಿಯ ಹಾಗೆ ನಿಂತು, ನಿನ್ನ ಪಾಲನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ ಎಂದ. ತಂದದ್ದನ್ನು ಅವಳ ಕೈಗಿಟ್ಟ.

ಅವಳು ಮೂಸಿ ನೋಡಿದಳು. ಒಂದು ಚೂರು ನಾಲಿಗೆಗಿಟ್ಟಳು. ಸೂಲಗಿತ್ತಿ ಬಟ್ಟಲು ಹಿಡಿದು ಸಿದ್ಧವಾಗಿ ನಿಂತಳು. ವಾಂತಿಯಾಗಲಿಲ್ಲ. ದೇವೀರಕ್ಕ ಎದ್ದು ಕೂತಳು. ರೊಟ್ಟಿ ಮುಗಿಯಿತು, ಚಟ್ನಿ ಮುಗಿಯಿತು, ಎಲೆಯನ್ನೂ ಬೆರಳಿಂದ ಬಳಿದು ನೆಕ್ಕಿದಳು. ಅವಳ ಕಣ್ಣುಮೂಗು ಕೆಂಪಾಗಿದ್ದವು.

"ಇನ್ನೊಸಿ ಇದ್ದದಾ?" ಎಂದಳು. "ಯಾರು ಮಾಡಿದ್ದು ಇದ್ನ?"

ಕೇತ ಬಾಗಿಲ ಕಡೆ ತೋರಿಸಿದ. ಅಂಬಣ್ಣ ಅಂಗಳದ ಆಚೆ, ಮಳೆಯಲ್ಲಿ ನೆನೆಯುತ್ತ ನಿಂತಿದ್ದ. ಮನೆಯೊಳಗೆ ಬಾ ಎಂದು ಆ ಊರಿನಲ್ಲಿ ಅವನಿಗೆ ಯಾರೂ ಅಂದಿರಲಿಲ್ಲ.

"ಮಳೇಲಿ ಯಾಕ್ ನಿಂತಿದ್ದೀಯಣ್ಣ?" ಎಂದು ದೇವೀರಕ್ಕ ಕೂಗಿದಳು. "ಒಳೀಕ್ ಬಾ. ಒಲೆ ಉರೀತದೆ, ರೊಟ್ಟಿ ತಟ್ಟು. ನನಗೆ ಹಸಿವು."

ಅಂಬಣ್ಣ ಕಾಲು ತೊಳೆದುಕೊಂಡು ಒಳಗೆ ಬಂದ.

ದೇವೀರಕ್ಕನಿಗೆ ಹೆಣ್ಣುಮಗು ಹುಟ್ಟಿತು, ಗುಂಡಗೆ, ಗಟ್ಟಿ ಗಂಟಲಿನದು. ಹಂದಿ, ಕರಡಿ, ಮಂಗಟ್ಟೆ ಹೊಟ್ಟೆತುಂಬ ತಿಂದು ಕಾಡು ಸೇರಿದವು. ನಡೆದದ್ದೆಲ್ಲ ಕೇಳಿ ಅರಸ ಇಡೀ ಊರಿನ ಪರವಾಗಿ ಅಂಬಣ್ಣನ ಕೈ ಹಿಡಿದು ತಪ್ಪಾಯಿತು ಎಂದ. ಇನ್ನು ಮುಂದೆ ಬಂಡೆಯ ಮೇಲೆ ಕೊನೆಗೆ ಉಳಿಯುವ ಬುತ್ತಿಯಿಂದ ಎಲ್ಲರೂ ಒಂದೊಂದು ತುತ್ತು ತಿನ್ನಬೇಕು, ಅದನ್ನು ತಂದವರು ಎಲ್ಲರ ಬುತ್ತಿಯಿಂದಲೂ ಒಂದೊಂದು ತುತ್ತು ತಿನ್ನಬೇಕು ಎಂದು ಹೊಸ ಕಟ್ಟಳೆ ಮಾಡಿದ. ಮುಂದಿನ ಬೆಟ್ಟದೂಟದ ದಿನ ಜನ ತಮ್ಮ ಬುತ್ತಿಯೇ ಕೊನೆಗೆ ಉಳಿಯಲಿ ಎಂದು ಎಲೆ ಮುಚ್ಚಿ ಬಚ್ಚಿಡಲು ಹೋಗಿ, ರಾಣಿಯ ಕೈಲಿ ಬೈಸಿಕೊಂಡರಂತೆ. ಹೀಗೆ ಏಳುಕೊಡಿಯಲ್ಲಿ ಮಳೆ ಮಳೆಯಾಗಿ, ಬಿಸಿಲು ಬಿಸಿಲಾಗಿ ಬಂತು, ಬೆಲ್ಲ ಬೆಲ್ಲದ ಹಾಗಾಯಿತು, ಮತ್ತೆ ಆ ಬೆಟ್ಟಕ್ಕೆ ಹೋದವರು ಯಾರೂ ಹಸಿದು ಇಳಿಯಲಿಲ್ಲ.