ಮೂಡಣ ಬೇಲಿಯ ಹುಲ್ಲು

ತಾರೀಖು ಹನ್ನೆರಡು, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಊರಿಗೆಲ್ಲ ಹಾಲು ಹಾಕುವ ಹಾಲಿನಕ್ಕ ಠಾಣೆಗೆ ಬಂದವಳೇ ಇನ್‌ಸ್ಪೆಕ್ಟರ್ ಮುಂದೆ ಕೂತಳು. ಎರಡು ತಿಂಗಳಲ್ಲಿ ಅವಳ ಐದು ಗಬ್ಬದ ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕಿದ್ದವು.

"ಯಾರ ಮೇಲೆ ಅನುಮಾನ?"

"ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಸಾರ್? ದನದ ಡಾಕ್ಟ್ರಮ್ಮ ಕಳ್ಸಿದ್ರು."

"ದನ ಕಂದು ಹಾಕಿದ್ದಕ್ಕೂ ನಾವೇ ಹೊಣೆನಾ?" ದಫೇದಾರ ಗೊಣಗಿದ. ಇನ್‌ಸ್ಪೆಕ್ಟರಿಗೂ ಒಳಗೊಳಗೇ ನಗು. ದನದ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಫ್ರಿಜ್ಜು ತೆರೆದಾಗ ಆ ನಗು ಇಂಗಿತು. ಐದೂ ಕರುಗಳ ಪಿತ್ತಜನಕಾಂಗದ ಚೂರು ಡಬ್ಬಿಗಳಲ್ಲಿದ್ದವು. ಮೇಲೆ ತಾರೀಖು, ಗಂಟೆ, ಹಸುವಿನ ಕಿವಿಯ ನಂಬರು. ತಮ್ಮ ಠಾಣೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಪಂಚನಾಮೆ ಬರೆದಿಲ್ಲ ಎಂದುಕೊಂಡರು ಅವರು.

"ಸೋಂಕು ಇಲ್ಲ ಸಾರ್," ಎಂದರು ಡಾಕ್ಟರಮ್ಮ. "ವಿಷಾನೇ ಇರ್ಬೇಕು."

"ಹಸುಗಳು ಗಟ್ಟಿಯಾಗೇ ಇವೆಯಲ್ಲ?"

"ತಾಯಿ ಹೇಗೋ ತಡ್ಕೊಳ್ಳುತ್ತೆ. ಅದರ ರಕ್ತದಲ್ಲಿರೋದು ಹೊಟ್ಟೇಲಿರೋ ಕರುಗೂ ಇಳಿಯುತ್ತೆ. ಅದೆಲ್ಲಿ ತಡ್ಕೊಳ್ಳುತ್ತೆ?"

FIR ದಾಖಲಾಯಿತು. ಇಪ್ಪತ್ತಮೂರಕ್ಕೆ ಪ್ರಯೋಗಾಲಯದ ವರದಿ ಬಂತು: ಐದರಲ್ಲೂ ಸೀಸ.

ಡಾಕ್ಟರಮ್ಮ ಕೈಕಟ್ಟಿ ಕೂರಲಿಲ್ಲ. ಮಂಡಿವರೆಗೆ ಕೆಸರು ಮೆತ್ತಿಕೊಂಡು ಹುಲ್ಲುಗಾವಲಿನ ನಾಲ್ಕೂ ಬದಿಯ ಹುಲ್ಲು, ಮಣ್ಣು ತಂದು ಪರೀಕ್ಷೆಗೆ ಕಳಿಸಿದರು. ಮೂಡಣ ಬೇಲಿಯ ಹುಲ್ಲಿನಲ್ಲಿ ಸೀಸ ಮಿಕ್ಕ ಕಡೆಗಿಂತ ನಲವತ್ತು ಪಟ್ಟು ಹೆಚ್ಚಿತ್ತು. ಬೇಲಿಯಾಚೆ ಬೀಗ ಹಾಕಿದ ಒಂದು ತಗಡಿನ ಶೆಡ್ಡು.

ಮರುತಿಂಗಳು ಎರಡನೇ ತಾರೀಖು, ಮಧ್ಯಾಹ್ನ ಮೂರಕ್ಕೆ ಇಬ್ಬರು ಪಂಚರೆದುರು ಪೊಲೀಸರು ಬೀಗ ಒಡೆದರು; ಡಾಕ್ಟರಮ್ಮ, ಹಾಲಿನಕ್ಕ ಜೊತೆಗಿದ್ದರು. ಒಳಗೆ ಹೋಳಾದ ಹಳೇ ಬ್ಯಾಟರಿಗಳು, ಸೀಸ ಕರಗಿಸುವ ಒಲೆ, ಮೂಟೆ ಮೂಟೆ ಬೂದಿ. ಪಂಚನಾಮೆ ಮುಗಿಯುವಷ್ಟರಲ್ಲಿ ಶೆಡ್ಡಿನ ಒಡೆಯ, ಬ್ಯಾಟರಿ ರಿಪೇರಿಯವನು, ತಾನಾಗಿಯೇ ಬಂದು ಸಿಕ್ಕಿಬಿದ್ದ.

"ಲೈಸೆನ್ಸು?"

"ಇಲ್ಲ ಸಾರ್."

"ಇದು ವಿಷ ಅಂತ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಗೊತ್ತಿತ್ತು. ಮೊದ್ಲು ಮನೆ ಹಿತ್ಲಲ್ಲೇ ಕರಗಿಸ್ತಿದ್ದೆ. ಹೆಂಡ್ತಿ ಬಸುರಾದ್ಲು. ಹೊಗೆ ಅವಳಿಗೆ ತಾಗ್ಬಾರ್ದು ಅಂತ ಇಲ್ಲಿಗೆ ತಂದೆ."

ಬೈಯಲು ಬಾಯಿ ತೆರೆದಿದ್ದ ಹಾಲಿನಕ್ಕ ಹಾಗೇ ನಿಂತಳು. ನಾಲ್ಕು ನಲವತ್ತಕ್ಕೆ ಬಂಧನವಾಯಿತು. ಡಾಕ್ಟರಮ್ಮ ಅವನ ಅಂಗಿಗೆ ಮೆತ್ತಿದ ಬೂದಿಯನ್ನೇ ನೋಡುತ್ತಿದ್ದರು.

"ಈ ಬಟ್ಟೇಲೇ ಮನೆಗೆ ಹೋಗ್ತೀಯಾ?"

"ಹೂಂ."

"ಒಗೆಯೋರು ಯಾರು?"

ಅವನ ಮುಖ ಬಿಳಿಚಿತು. "ಅವಳೇ..."

ಹಾಲಿನಕ್ಕ ಸೆರಗು ಸಿಕ್ಕಿಸಿಕೊಂಡಳು. "ಮನೆ ಎಲ್ಲಿ ಹೇಳಪ್ಪ. ರಕ್ತ ಪರೀಕ್ಷೆಗೆ ಅವಳ್ನ ನಾನೇ ಕರ್ಕೊಂಡ್ ಹೋಗ್ತೀನಿ."

ದಫೇದಾರ ಆರೋಪಿಯನ್ನು ವ್ಯಾನಿಗೆ ಹತ್ತಿಸಿದ. ಇನ್‌ಸ್ಪೆಕ್ಟರ್ ತಮ್ಮ ಜೀಪಿನ ಬಾಗಿಲನ್ನು ಹಾಲಿನಕ್ಕನಿಗೆ ತೆರೆದು ಹಿಡಿದರು.