ನರೇಗಲ್ಲಾಕಿಯ ಹೆಸರು

“ಕ್ಯಾಮೆರಾ ನೋಡಬ್ಯಾಡ್ರಿ ದ್ಯಾಮಪ್ಪ. ಲಾಳಿ ನೋಡ್ರಿ, ಲಾಳಿ!”

ಮಜೀದಸಾಹೇಬರು ಇದನ್ನು ಹೇಳಿದ್ದು ಮೂರನೇ ಸಲ. ಆದರೆ ಗೌರಿಯ ಅಪ್ಪನ ಕಣ್ಣು ಮಾತು ಕೇಳಬೇಕಲ್ಲ! ಕೈ ಮಗ್ಗದ ಮೇಲೆ, ಕಾಲು ಕುಣಿಯೊಳಗೆ, ಕಣ್ಣು ಮಾತ್ರ ಆ ಕರಿ ಪೆಟ್ಟಿಗೆಯ ಮೇಲೆ. ಗೌರಿಗೆ ನಗು ತಡೆಯಲಾಗಲಿಲ್ಲ. ಎದೆಗೆ ಅವುಚಿಕೊಂಡಿದ್ದ ಪಾಟಿ ಗಡಗಡ ಅಲುಗಿತು.

ಆ ಪಾಟಿಯೇ ಗೌರಿಯ ಕೆಲಸ. ಸಾಹೇಬರು ಯಾರ ಚಿತ್ರ ತೆಗೆದರೂ ಮೊದಲು ಅವರ ಹೆಸರು ಬರೆದ ಪಾಟಿಯನ್ನು ಕ್ಯಾಮೆರಾಕ್ಕೆ ತೋರಿಸಬೇಕು. ನಾಲ್ಕನೇ ಇಯತ್ತೆಯಲ್ಲಿ ಗೌರಿಯಷ್ಟು ದುಂಡಗೆ ಬರೆಯುವವರು ಯಾರೂ ಇಲ್ಲವೆಂದು ಮಾಸ್ತರರೇ ಅವಳನ್ನು ಕಳಿಸಿದ್ದರು. ಮೂರು ದಿನ ಮಗ್ಗಿ ಬಿಟ್ಟು ಮಗ್ಗದ ಹಿಂದೆ ತಿರುಗುವುದೆಂದರೆ ಯಾರಿಗೆ ಬೇಡ?

ಅಬ್ದುಲಮಜೀದರು ಹುಬ್ಬಳ್ಳಿಯವರು. ಗಜೇಂದ್ರಗಡದ ನೇಕಾರರ ಓಣಿಗೆ ಬಂದ ದಿನವೇ ಕಟ್ಟೆಯ ಮೇಲೆ ಕೂತು ಹೇಳಿದ್ದರು.

“ಹ್ವಾದ ವರ್ಷ ನೇಕಾರರದ ಒಂದು ಫಿಲ್ಮ್ ನೋಡಿದೆ. ಸೀರಿ ಹೆಸರು ಹೇಳಿದ್ರು, ಊರ ಹೆಸರು ಹೇಳಿದ್ರು. ನೇಯ್ದಾವರ ಹೆಸರು ಒಂದೂ ಹೇಳಲಿಲ್ಲ. ಅದಕ್ಕ ಈ ಫಿಲ್ಮ್ ನಾನ ಸ್ವಂತ ಮಾಡಾಕತ್ತೀನಿ. ಸರ್ಕಾರದ್ದಲ್ಲ, ಕಂಪನೀದಲ್ಲ. ನನ್ನ ಫಿಲ್ಮಿನ್ಯಾಗ ಹೆಸರಿಲ್ಲದ ಮನಷ್ಯಾರು ಇರೂದಿಲ್ಲ.”

ಆಡಿದಂತೆ ನಡೆಯುವವರು ಅವರು. ಅಜ್ಜಪ್ಪ, ಗುರುಸಂಗಪ್ಪ, ನೂಲಿಗೆ ಬಣ್ಣ ಹಾಕುವ ಕಾಶೀಂಸಾಬ, ಎಲ್ಲರ ಹೆಸರನ್ನೂ ಗೌರಿ ಬರೆದಿದ್ದಳು. ಈ ದಿನ ಬೆಳಗ್ಗೆ ಅಜ್ಜಿಯ ಸರದಿ ಬಂದಾಗ “ಸಿದ್ದವ್ವ” ಎಂದು ಬರೆದಿದ್ದಳು. ಅಜ್ಜಿ ಹೊಸ ಸೀರೆ ಉಟ್ಟು, ರಾಟಿಯ ಮುಂದೆ ಕೂತು, ಮದುಮಗಳಿಗಿಂತ ಹೆಚ್ಚು ಬಿಂಕ ಮಾಡಿದ್ದಳು.

ಅಂತೂ ಅಪ್ಪ ಲಾಳಿ ನೋಡಿದ. ಕ್ಯಾಮೆರಾ ಕಿರ್ರೆಂದು ಓಡಿ ನಿಂತಿತು. ಸಾಹೇಬರು ಬೆವರು ಒರೆಸಿಕೊಂಡರು.

“ಇನ್ನ ಅರ್ಧ ನಿಮಿಷದ ರೀಲ್ ಉಳದೈತಿ. ಒಂದು ಗಂಟೆ ಮೋಟಾರಿಗೆ ನಾ ಹೊರಡಬೇಕು.”

ಗೌರಿ ಥಟ್ಟನೆ ತಿರುಗಿ ನೋಡಿದಳು. ಅವ್ವ ಉಳಿದಿದ್ದಳಲ್ಲ!

ಅವ್ವ ಪಡಸಾಲೆಯ ಬಿಸಿಲಲ್ಲಿ ಕೂತು ಸೆರಗು ಕೂಡಿಸುತ್ತಿದ್ದಳು. ಸೀರೆಯ ಮೈಗೆ ಬೇರೆ ನೂಲು, ಸೆರಗಿಗೆ ಬೇರೆ ನೂಲು. ಮಗ್ಗಕ್ಕೆ ಏರಿಸುವ ಮೊದಲು ಒಂದೊಂದು ಎಳೆಗೂ ಒಂದೊಂದು ಎಳೆ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ! ಅದನ್ನು ಈ ಓಣಿಯಲ್ಲಿ ಅವ್ವನಷ್ಟು ಲಗೂ ಮಾಡುವವರಿಲ್ಲ.

“ಸಾಹೇಬ್ರ, ನಮ್ಮವ್ವನ್ನ ತಗೀರಿ. ಅಕಿ ಕೂಡಿಸಲಿಲ್ಲಂದ್ರ ಸೀರಿಗೆ ಸೆರಗ ಇರೂದಿಲ್ಲ.”

ಸಾಹೇಬರು ಬಗ್ಗಿ ಅವ್ವನ ಬೆರಳುಗಳನ್ನು ನೋಡಿದರು. ಕಣ್ಣರಳಿಸಿದರು.

“ಖರೇನ! ಇದನ್ನ ಬಿಟ್ಟು ಹೋಗತಿದ್ನಲ್ಲ. ಬರಿಯವ್ವ, ಲಗೂ ಹೆಸರು ಬರಿ.”

ಗೌರಿ ಬಳಪ ಎತ್ತಿದಳು. ಬಳಪ ಅಲ್ಲೇ ನಿಂತಿತು.

ಅವ್ವನ ಹೆಸರು ಏನು?

ಅಜ್ಜಿ ಅವಳನ್ನು ನರೇಗಲ್ಲಾಕಿ ಎನ್ನುತ್ತಾಳೆ, ತವರೂರು ನರೇಗಲ್ ಎಂದು. ಓಣಿಯವರಿಗೆ ಅವಳು ಗೌರಿ ಅವ್ವ. ತವರಿನಲ್ಲಿ ಮಾವಂದಿರು ಅಕ್ಕವ್ವ ಎನ್ನುತ್ತಾರೆ. ಅಪ್ಪನಂತೂ “ಏ, ಕೇಳಿಲ್ಲಿ” ಎನ್ನುವುದರಲ್ಲೇ ಹನ್ನೆರಡು ವರ್ಷ ಕಳೆದಿದ್ದಾನೆ. ಹತ್ತು ವರ್ಷದ ಹುಡುಗಿಗೆ ಹೆತ್ತವ್ವನ ಹೆಸರು ಗೊತ್ತಿಲ್ಲ!

“ಅವ್ವಾ, ನಿನ್ನ ಹೆಸರೇನು?” ಎಂದು ಮೆಲ್ಲಗೆ ಕೇಳಿದಳು.

ಅವ್ವ ಅಜ್ಜಿಯ ಕಡೆ ನೋಡಿ ತಲೆ ತಗ್ಗಿಸಿದಳು. “ಅದನ್ನ ನಾ ಹೇಳಾಕ ಬರೂದಿಲ್ಲವ್ವ. ಗೌರಿ ಅವ್ವ ಅಂತ ಬರಿ, ಸಾಕು.”

“ಅದು ನಿಮ್ಮ ಮಗಳ ಹೆಸರಾತು” ಎಂದರು ಸಾಹೇಬರು.

“ನರೇಗಲ್ಲಾಕಿ ಅಂತ ಬರಿ” ಎಂದಳು ಅಜ್ಜಿ, ರಾಟಿ ತಿರುಗಿಸುತ್ತಲೇ.

“ಅದು ಊರಿನ ಹೆಸರಾತಲ್ರಿ ಅಮ್ಮಾರ.”

ಗೌರಿ ಅಪ್ಪನ ಕಡೆ ಓಡಿದಳು. “ಅಪ್ಪಾ, ನೀನರ ಹೇಳು.”

ಅಪ್ಪನಿಗೆ ಅದೇ ಗಳಿಗೆಯಲ್ಲಿ ಕೆಮ್ಮು ಬಂತು. “ಎಳಿ ಹರೀತು, ಎಳಿ ಹರೀತು” ಎನ್ನುತ್ತ ಮಗ್ಗದೊಳಗೆ ತಲೆ ತೂರಿಸಿದ. ಯಾವ ಎಳೆಯೂ ಹರಿದಿರಲಿಲ್ಲ.

ಸಾಹೇಬರು ಗಡಿಯಾರ ನೋಡಿದರು. “ನಾ ಒತ್ತಾಯ ಮಾಡೂದಿಲ್ಲವ್ವ. ಆದ್ರ ಹೆಸರಿಲ್ಲದ ತಗ್ಯಾಕೂ ನನಗ ಮನಸಿಲ್ಲ” ಎಂದು ಚೀಲಕ್ಕೆ ಕೈ ಹಾಕಿದರು.

ಓಣಿಯವರೆಲ್ಲ ಫಿಲ್ಮಿನಲ್ಲಿ, ಅವ್ವ ಒಬ್ಬಳೇ ಹೊರಗೆ! ಆಗ ಗೌರಿಗೆ ಹೋದ ತಿಂಗಳ ಸೀಮಂತ ನೆನಪಾಯಿತು. ಗಂಡನ ಹೆಸರು ಹೇಳಬಾರದ ಹೆಂಗಸರೆಲ್ಲ ಅಲ್ಲಿ ಪದ್ಯದಂತೆ ಒಡಪು ಕಟ್ಟಿ, ಕೊನೆಗೆ ಹೆಸರು ಹೇಳಿ ನಕ್ಕಿದ್ದರು. ಎಲ್ಲರಿಗಿಂತ ಚಲೋ ಒಡಪು ಅವ್ವನದೇ.

“ಅವ್ವಾ! ಒಡಪಿನ್ಯಾಗ ಅಪ್ಪನ ಹೆಸರು ಹೇಳತೀಯಲ್ಲ, ಹಂಗ ನಿನ್ನ ಹೆಸರೂ ಹೇಳು. ಒಡಪಿನ್ಯಾಗ ಹೇಳಿದ್ರ ತಪ್ಪಿಲ್ಲಲ್ಲ!”

ಅವ್ವನ ಬೆರಳು ನಿಂತವು. ತಲೆಯನ್ನು ಇನ್ನಷ್ಟು ತಗ್ಗಿಸಿದಳು. ತುಸು ಹೊತ್ತು ತುಟಿ ಅಲುಗಿದವು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು:

“ಸೀರಿಗೆ ಚಂದ ಸೆರಗ, ಮಗ್ಗಕ್ಕ ಚಂದ ಲಾಳಿ,
ಅತ್ತೆವ್ವಗ ಶರಣಂದು ಹೇಳತೀನಿ, ಸಿಟ್ಟಾಗಬ್ಯಾಡ್ರಿ ಕೇಳಿ,
ನರೇಗಲ್ಲಾಗ ಹಡದಾಕಿ ಇಟ್ಟ ಹೆಸರು… ಸಿದ್ದವ್ವ!”

ಅಜ್ಜಿಯ ರಾಟಿ ಗಕ್ಕನೆ ನಿಂತಿತು.

ಗೌರಿಗೆ ಈಗ ಎಲ್ಲ ತಿಳಿಯಿತು. ಅತ್ತೆಯ ಹೆಸರೂ ಅದೇ, ಸೊಸೆಯ ಹೆಸರೂ ಅದೇ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದು. ಅಪ್ಪನಾದರೂ ತನ್ನವ್ವನ ಹೆಸರು ಹಿಡಿದು ಹೆಂಡತಿಯನ್ನು ಹೇಗೆ ಕರೆದಾನು? ಹಾಗಾಗಿ ಈ ಮನೆಯ ಹೊಸ್ತಿಲು ದಾಟಿದ ದಿನವೇ ಅವ್ವನ ಹೆಸರು ಹೊರಗೆ ಉಳಿದಿತ್ತು.

ಅಜ್ಜಿ ಸೊಸೆಯನ್ನೇ ನೋಡುತ್ತಿದ್ದಳು. ಬೈದರೆ?

“ನಾ ಈ ಮನಿಗೆ ಬಂದಾಗ ನನಗ ರೋಣದಾಕಿ ಅಂತಿದ್ರು” ಎಂದಳು ಅಜ್ಜಿ. “ಹಿರ್ಯಾರು ಇರೂತನಕಾ ಹಂಗ ಅಂದ್ರು. ನನ್ನ ಹೆಸರು ನನಗ ಮರತಂಗ ಆಗಿತ್ತು.” ರಾಟಿಯನ್ನು ಬದಿಗೆ ಸರಿಸಿ, “ಬರಿ ಗೌರೀ. ಹೆಸರಿಗೇನು ಬರಗಾಲ? ಇಬ್ಬರಿಗೂ ಸಾಲತೈತಿ” ಎಂದಳು.

ಗೌರಿ ದುಂಡಗೆ ಬರೆದಳು. ಸಾಹೇಬರು ಹುಬ್ಬೇರಿಸಿದರು. “ಈ ಹೆಸರು ಮುಂಜಾನೆ ಆತಲ್ಲ?”

“ಇಕಿ ಬ್ಯಾರೆ ಸಿದ್ದವ್ವರಿ!” ಎಂದಳು ಗೌರಿ.

ಅವ್ವನ ಎರಡೂ ಕೈ ಎಳೆಗಳಲ್ಲಿ ಸಿಕ್ಕಿದ್ದವು. ಕೈ ತೆಗೆದರೆ ಕೂಡಿಸಿದ್ದೆಲ್ಲ ಬಿಚ್ಚುತ್ತದೆ. ಪಾಟಿಯನ್ನು ಬೇರೆಯವರೇ ಹಿಡಿಯಬೇಕು. ಗೌರಿ ಮುಂದೆ ಬರುವಷ್ಟರಲ್ಲಿ ಅಜ್ಜಿ ಎದ್ದು ಬಂದು ಪಾಟಿ ಕಸಿದುಕೊಂಡಳು. ಸೊಸೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ಎತ್ತಿ ಹಿಡಿದಳು.

ಸಾಹೇಬರು ಕೀಲಿ ತಿರುಗಿಸಿದರು. ಕ್ಯಾಮೆರಾ ಕಿರ್ರೆಂದಿತು. ಆ ಅರ್ಧ ನಿಮಿಷವೂ ಅವ್ವ ಕ್ಯಾಮೆರಾ ನೋಡಲಿಲ್ಲ. ಅಜ್ಜಿ ಮಾತ್ರ ಅದನ್ನೇ ನೋಡಿದಳು, ಕೊನೆಯವರೆಗೂ ಪಾಟಿ ಇಳಿಸಲಿಲ್ಲ.

ಸಂಜೆ ಅಜ್ಜಿ ಎಂದಿನಂತೆ ಕೂಗಿದಳು. “ಏ ನರೇಗಲ್ಲಾಕಿ, ದೀಪ ಹಚ್ಚಿದಿ?”

“ಹಚ್ಚಿದ್ನಿರಿ” ಎಂದಳು ಅವ್ವ.

ಗೌರಿಗೆ ಬೇಸರವಾಯಿತು. ತನ್ನನ್ನೂ ಒಂದು ದಿನ ಯಾವುದೋ ಊರಿನಲ್ಲಿ ಗಜೇಂದ್ರಗಡದಾಕಿ ಎಂದು ಕರೆಯುತ್ತಾರೇನೋ ಎನಿಸಿತು. ಅಷ್ಟರಲ್ಲಿ ಅವ್ವ ಸದ್ದಿಲ್ಲದೆ ಬಂದು ಅವಳ ಪಕ್ಕ ಕೂತಳು.

“ಗೌರೀ, ಈ ಪಾಟ್ಯಾಗ ನಾ ಎಲ್ಲಿ ಅದೀನಿ?”

ಅವ್ವನಿಗೆ ಓದು ಬರುತ್ತಿರಲಿಲ್ಲ. ಗೌರಿ ಅವಳ ಬೆರಳು ಹಿಡಿದು ಅಕ್ಷರದ ಮೇಲೆ ಆಡಿಸಿದಳು. “ಸಿ… ದ್ದ… ವ್ವ.”

“ಕೆಳಗ ಜೋತಾಡತಾವಲ್ಲ, ಇವೇನು?”

“ಒತ್ತಕ್ಷರವ್ವ. ಒಂದಕ್ಕೊಂದು ಕೂಡಿಸಿದ್ದು.”

“ಸೆರಗು ಕೂಡಿಸಿದಂಗ ಐತಲ್ಲ!” ಅವ್ವ ನಕ್ಕಳು. ಮತ್ತೊಮ್ಮೆ ತಾನೇ ಬೆರಳು ಆಡಿಸಿ ನೋಡಿದಳು. ಆಮೇಲೆ ಎದ್ದಳು. “ವರಸಿಬಿಡು. ನಾಳೆ ಸಾಲಿಗೆ ಪಾಟಿ ಬೇಕಲ್ಲ.”

ಮರುದಿನ ಮಾಸ್ತರರು ಉದ್ದನೆಯ ಭಾಗಾಕಾರ ಕೊಟ್ಟರು. ಗೌರಿ ಹೆಸರಿದ್ದ ಮಗ್ಗುಲನ್ನು ಒರೆಸದೆ, ಪಾಟಿಯನ್ನು ಹೊರಳಿಸಿ ಹಿಂದಿನ ಮಗ್ಗುಲಿಗೆ ಲೆಕ್ಕ ಮಾಡತೊಡಗಿದಳು. ಅರ್ಧಕ್ಕೇ ಜಾಗ ಸಾಲದಾಯಿತು. ಅವಳು ಅಂಕಿಗಳನ್ನು ಸಣ್ಣಗೆ ಮಾಡಿಕೊಂಡಳು.